ಅಜ್ಜಿಯನ್ನು ಕೇಳಿದವರಾರು?

ಗೋರ್ಟಾದ ವಿದ್ಯಾರ್ಥಿಯೊಬ್ಬನು ವಾಟ್ಸಾಪಿನಲ್ಲಿ ಗೆಳೆಯನಿಗೆ ಬರೆದ ಒಕ್ಕಣೆಗೆ ಬೀಗವುಂಟು; ಸಾಗಿಸುವ ಸಂಸ್ಥೆಯೂ ಅದನ್ನು ಓದಲಾರದು. ಈ ಗಣಿತಕ್ಕೆ ನಾವು ತಲೆದೂಗುತ್ತೇವೆ. ಆದರೆ ಲಕೋಟೆಯ ಮೇಲ್ವಿಳಾಸಕ್ಕೆ ಆ ಬೀಗವಿಲ್ಲ: ಯಾರು ಯಾರಿಗೆ ಎಷ್ಟು ಹೊತ್ತಿಗೆ ಬರೆದರೆಂಬುದು ಸಂಸ್ಥೆಗೆ ಗೋಚರ. ಅದೂ ಹೋಗಲಿ. ಫೋನಿನ ಸಂಪರ್ಕಪಟ್ಟಿಯನ್ನು ನೋಡಲು ಆತನು ಒಪ್ಪಿದೊಡನೆ, ಆ ಜಾಲವನ್ನೇ ಸೇರದ ಅಜ್ಜಿಯ ಸಂಖ್ಯೆಯೂ ಅಲ್ಲಿಗೆ ತಲಪುವುದು. 2021ರಲ್ಲಿ ಐರ್ಲೆಂಡಿನ ದತ್ತಾಂಶ ಸಂರಕ್ಷಣಾ ಆಯೋಗವು ವಾಟ್ಸಾಪಿಗೆ 22.5 ಕೋಟಿ ಯೂರೊ ದಂಡ ವಿಧಿಸಿದಾಗ, ಇಂತಹ ಸದಸ್ಯೇತರರಿಗೆ ಮಾಹಿತಿ ತಿಳಿಸದಿದ್ದುದೂ ಒಂದು ಕಾರಣವಾಗಿತ್ತು. ನಮ್ಮಲ್ಲಿ 2017ರಲ್ಲಿಯೇ, ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯವು ಖಾಸಗಿತನವನ್ನು ಮೂಲಭೂತ ಹಕ್ಕೆಂದು ಸಾರಿತು. ಆ ಹಕ್ಕು ಅಜ್ಜಿಗೂ ಉಂಟಷ್ಟೆ. ಮೊಮ್ಮಗನ ಒಪ್ಪಿಗೆ ಅವಳ ಒಪ್ಪಿಗೆಯಾಗದು. ಇಡೀ ಪಟ್ಟಿಯನ್ನು ಕೇಳದೆ, ಬೇಕಾದ ಸಂಖ್ಯೆಯನ್ನಷ್ಟೇ ಕೇಳಬೇಕೆಂದು ಕಾನೂನು ಈ ಸಂಸ್ಥೆಗಳಿಗೆ ವಿಧಿಸಬೇಕು.