ಬೆಟ್ಟ ಹತ್ತುವವರು ಒಂದು ದಿನ ಹೆಚ್ಚಿಗೆ ಕೇಳಬೇಕು

ಊರು ಬಿಟ್ಟು ದುಡಿಯುವ ನಮ್ಮಂಥವರ ರಜೆಯ ಲೆಕ್ಕ ತುಂಬ ಬಿಗಿ. ವರ್ಷಕ್ಕೆ ಸಿಗುವ ಹದಿನೆಂಟು ದಿನದಲ್ಲಿ ದೀಪಾವಳಿಗೆ ಊರು, ಚಿಕ್ಕಪ್ಪನ ಮಗಳ ಮದುವೆ, ಅಪ್ಪನ ಕಣ್ಣಿನ ಆಪರೇಷನ್, ಜಾತ್ರೆ ಎಂದು ಕಳೆಯುತ್ತ ಹೋದರೆ ಕೊನೆಗೆ ನಮ್ಮದು ಅಂತ ಉಳಿಯುವುದು ಐದು ದಿನ. ಆ ಐದಕ್ಕೆ ಹಿಂದೆ ಒಂದು ಶನಿವಾರ-ಭಾನುವಾರ, ಮುಂದೆ ಒಂದು ಶನಿವಾರ-ಭಾನುವಾರ ಸೇರಿಸಿದರೆ ಒಂಬತ್ತು. ಹಿಮಾಲಯದ ಟ್ರೆಕ್ ಮಾರುವವರಿಗೆ ಈ ಒಂಬತ್ತರ ಲೆಕ್ಕ ನಮಗಿಂತ ಚೆನ್ನಾಗಿ ಗೊತ್ತು. ಶುಕ್ರವಾರ ರಾತ್ರಿ ದೆಹಲಿ ಬಿಟ್ಟು ಮರುವಾರದ ಭಾನುವಾರ ಬೆಳಗ್ಗೆ ಕಾಶ್ಮೀರಿ ಗೇಟ್‌ನಲ್ಲಿ ಇಳಿಯುವ ಹಾಗೆ ಹೊಲಿದಿಟ್ಟ ಟ್ರೆಕ್‌ಗಳು ಬೇಕಾದಷ್ಟಿವೆ. ಸೋಮವಾರ ಲಾಗಿನ್.

ನೋಯ್ಡಾಕ್ಕೆ ಬಂದು ಎಂಟು ವರ್ಷವಾಯಿತು. ಪುಣೆ, ಹೈದರಾಬಾದ್, ಚೆನ್ನೈಗಳಲ್ಲಿರುವ ಕನ್ನಡದ ಗೆಳೆಯರು ವರ್ಷಕ್ಕೊಮ್ಮೆ ನನ್ನ ಮನೆಯ ಸೋಫಾದ ಮೇಲೆ ಒಂದು ರಾತ್ರಿ ಕಳೆದು ಬೆಟ್ಟಕ್ಕೆ ಹೋಗುತ್ತಾರೆ. ಕೆಲವು ಸಲ ನಾನೂ ಜೊತೆಗೆ ಹೊರಡುತ್ತೇನೆ. ಇಷ್ಟು ವರ್ಷ ನೋಡಿದ ಮೇಲೆ ನನಗೆ ಅನ್ನಿಸಿರುವುದು ಇಷ್ಟು: ಶೂ, ಜಾಕೆಟ್, ಸ್ಲೀಪಿಂಗ್ ಬ್ಯಾಗ್ ಬಗ್ಗೆ ತಿಂಗಳುಗಟ್ಟಲೆ ಚರ್ಚಿಸುವ ನಾವು ವೇಳಾಪಟ್ಟಿಯಲ್ಲಿ ಮೀಸಲು ದಿನ ಇದೆಯೇ ಎಂದು ಕೇಳುವುದಿಲ್ಲ. ಕೇಳಲೇಬೇಕು. ಇಲ್ಲವಾದರೆ ಹಾಗೆ ಮಾರುವವರ ಜೊತೆ ಹೋಗಬಾರದು.

ಮಾತು ಸ್ಪಷ್ಟವಾಗಲು ಒಂದು ದಾರಿಯನ್ನೇ ತೆಗೆದುಕೊಳ್ಳುತ್ತೇನೆ. ಹಿಮಾಚಲದ ಪಿನ್-ಭಾಬಾ ಪಾಸ್. ಕಿನ್ನೌರ್ ಜಿಲ್ಲೆಯ ಕಾಫ್ನೂ ಎಂಬ ಹಳ್ಳಿಯಿಂದ ಹತ್ತಿ, ಸುಮಾರು 4,900 ಮೀಟರ್ ಎತ್ತರದ ಕಣಿವೆಬಾಯಿ ದಾಟಿ, ಸ್ಪಿತಿಯ ಮುದ್ ಹಳ್ಳಿಗೆ ಇಳಿಯುವುದು. ನಡುವೆ ಒಂದೂ ಊರಿಲ್ಲ, ಹೋಟೆಲಿಲ್ಲ, ಬೇಸಿಗೆಯಲ್ಲಿ ಕುರಿ ಮೇಯಿಸಲು ಬರುವವರನ್ನು ಬಿಟ್ಟರೆ ಜನರಿಲ್ಲ. ರಾತ್ರಿ ಎಲ್ಲಿ ನೀರಿದೆಯೋ ಅಲ್ಲಿ ಟೆಂಟ್. ಮೊದಲ ಎರಡು ದಿನ ಕಾಡು, ಹಸಿರು ಹುಲ್ಲುಗಾವಲು, ಹೊಳೆ. ಪಾಸ್ ದಾಟಿದ ಕೂಡಲೇ ಮರ ಗಿಡ ಏನೂ ಇಲ್ಲದ, ಕಂದು-ನೇರಳೆ ಬಣ್ಣದ ಬರೀ ಮಣ್ಣು-ಕಲ್ಲಿನ ನಾಡು. ಆಗುಂಬೆಯಲ್ಲಿ ನಡೆಯುತ್ತಿದ್ದವರು ಒಂದು ಹೆಜ್ಜೆ ಇಟ್ಟು ಬಳ್ಳಾರಿಯ ಗುಡ್ಡಕ್ಕೆ ಇಳಿದರೆ ಹೇಗೋ ಹಾಗೆ. ನೋಡಲೇಬೇಕಾದ ಜಾಗ, ಅದರಲ್ಲಿ ಎರಡು ಮಾತಿಲ್ಲ.

ಈಗ ಒಂಬತ್ತು ದಿನದ ವೇಳಾಪಟ್ಟಿ ನೋಡಿ. ಶನಿವಾರ ರಾತ್ರಿ ಕಾಫ್ನೂನಲ್ಲಿ, ಸುಮಾರು 2,400 ಮೀಟರ್. ಭಾನುವಾರ ಮುಲ್ಲಿಂಗ್, 3,250ರ ಆಸುಪಾಸು. ಸೋಮವಾರ ಕಾರಾ, 3,500. ಮಂಗಳವಾರ ಫುಸ್ಟಿರಂಗ್, 4,100ಕ್ಕೂ ಮೇಲೆ. ಬುಧವಾರ ನಸುಕಿನಲ್ಲಿ ಎದ್ದು 4,900. ಅಂದರೆ ಶುಕ್ರವಾರ ಸಂಜೆ ಸಮುದ್ರಮಟ್ಟದಿಂದ ಇನ್ನೂರು ಚಿಲ್ಲರೆ ಮೀಟರ್ ಎತ್ತರದ ದೆಹಲಿಯಲ್ಲಿದ್ದ ಮನುಷ್ಯ ಬುಧವಾರ ಬೆಳಗ್ಗೆ, ಗಾಳಿಯ ಒತ್ತಡ ಸಮುದ್ರಮಟ್ಟದ ಅರ್ಧಕ್ಕಿಂತ ತುಸುವೇ ಹೆಚ್ಚಿರುವ ಕಡೆ ನಿಂತಿರುತ್ತಾನೆ.

ಪರ್ವತ ವೈದ್ಯದಲ್ಲಿ ಎಲ್ಲರೂ ಒಪ್ಪುವ ಸೂತ್ರವೊಂದಿದೆ. 3,000 ಮೀಟರ್ ದಾಟಿದ ಮೇಲೆ ಮಲಗುವ ಜಾಗದ ಎತ್ತರವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚಿಸಬಾರದು. ಮೂರು-ನಾಲ್ಕು ದಿನಕ್ಕೊಮ್ಮೆ ಎತ್ತರ ಹೆಚ್ಚಿಸದೆ ಒಂದು ದಿನ ನಿಲ್ಲಬೇಕು. ಮೇಲಿನ ಪಟ್ಟಿಯಲ್ಲಿ ಕಾರಾದಿಂದ ಫುಸ್ಟಿರಂಗ್‌ಗೆ ಹೋಗುವಾಗಲೇ 500 ಮೀರುತ್ತದೆ. ನಿಲ್ಲುವ ದಿನವಂತೂ ಇಲ್ಲವೇ ಇಲ್ಲ.

ನಮ್ಮವರು ಇದನ್ನು ಹಗುರವಾಗಿ ತೆಗೆದುಕೊಳ್ಳಲು ಒಂದು ಕಾರಣವಿದೆ. ನಮ್ಮಲ್ಲಿ ಬಹಳ ಮಂದಿ ಬೆಟ್ಟ ಹತ್ತಲು ಕಲಿತದ್ದು ಪಶ್ಚಿಮ ಘಟ್ಟದಲ್ಲಿ. ಕುಮಾರ ಪರ್ವತದ ಏರು ಹತ್ತಿ ಭಟ್ಟರ ಮನೆಯಲ್ಲಿ ಅನ್ನ-ಸಾರು ಉಂಡವರಿಗೆ ತಮ್ಮ ಕಾಲಿನ ಮೇಲೆ ನಂಬಿಕೆ ಜಾಸ್ತಿ. ಅದು ನ್ಯಾಯವಾದ ನಂಬಿಕೆಯೇ, ಆ ಏರು ಸುಲಭದ್ದಲ್ಲ. ಆದರೆ ಕುಮಾರ ಪರ್ವತ 1,712 ಮೀಟರ್. ಇಡೀ ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930. ಎತ್ತರದ ಕಾಯಿಲೆ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 2,500ರ ಮೇಲೆ. ನಮ್ಮ ರಾಜ್ಯದ ಯಾವ ಗುಡ್ಡದ ತುದಿಯಲ್ಲಿ ನಿಂತರೂ ನಮ್ಮ ದೇಹಕ್ಕೆ ಆ ಪರೀಕ್ಷೆಯ ಪ್ರಶ್ನೆಪತ್ರಿಕೆಯೇ ಸಿಕ್ಕಿರುವುದಿಲ್ಲ. ಮ್ಯಾರಥಾನ್ ಓಡುವವರಿಗೂ ಬರುತ್ತದೆ, ಇಪ್ಪತ್ತೈದರ ಹುಡುಗನಿಗೂ ಬರುತ್ತದೆ. ತಲೆನೋವು, ವಾಂತಿಯಿಂದ ಶುರುವಾಗಿ ಶ್ವಾಸಕೋಶಕ್ಕೋ ಮಿದುಳಿಗೋ ನೀರು ತುಂಬುವ ಹಂತಕ್ಕೆ ಹೋದರೆ ಮುಖ್ಯ ಮದ್ದು ಒಂದೇ, ತಡಮಾಡದೆ ಕೆಳಗಿಳಿಯುವುದು. ಫುಸ್ಟಿರಂಗ್‌ನಲ್ಲಿ ರಾತ್ರಿ ಹನ್ನೊಂದಕ್ಕೆ ಹಾಗಾದರೆ ಎಷ್ಟು ದೂರ ಇಳಿಯುತ್ತೀರಿ, ಯಾರ ಹೆಗಲ ಮೇಲೆ?

ಫೋನ್ ಮಾಡೋಣವೆಂದರೆ ಸಿಗ್ನಲ್ ಕಾಫ್ನೂನಲ್ಲೇ ಉಳಿದಿರುತ್ತದೆ. ಉಪಗ್ರಹ ಫೋನನ್ನು ನಮ್ಮ ದೇಶದಲ್ಲಿ ದೂರಸಂಪರ್ಕ ಇಲಾಖೆಯ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ವಿದೇಶದ ವೀಡಿಯೊ ನೋಡಿ ಅಂಥದ್ದೊಂದನ್ನು ತರಿಸಿಕೊಳ್ಳೋಣ ಅಂದುಕೊಳ್ಳುವವರು ಗಮನಿಸಿ, ಪೊಲೀಸ್ ಕೇಸಾಗುತ್ತದೆ. ಹಾಗಾಗಿ ಆ ಮೇಲ್ನಾಡಿನಲ್ಲಿ ಸಹಾಯ ಎಂಬುದು ಯಾರೋ ಒಬ್ಬ ಹುಡುಗ ಕೆಳಗೆ ಓಡಿಹೋಗಿ ಸುದ್ದಿ ಮುಟ್ಟಿಸಿದ ಮೇಲೆ, ಹವಾಮಾನ ಒಪ್ಪಿದರೆ ಬರುವಂಥದ್ದು. ಅಲ್ಲಿಯ ತನಕ ನಿಮ್ಮ ಕೈಯಲ್ಲಿರುವ ಒಂದೇ ಸುರಕ್ಷತೆ ಸಮಯ. ಅದನ್ನೇ ನಾವು ನೋಯ್ಡಾದಲ್ಲೋ ಪುಣೆಯಲ್ಲೋ ಕುಳಿತು ಮೊದಲೇ ಖರ್ಚು ಮಾಡಿ ಹೋಗಿರುತ್ತೇವೆ.

2024ರ ಜೂನ್ ಮೊದಲ ವಾರದ ಸಹಸ್ರತಾಲ್ ಸುದ್ದಿಯನ್ನು ಕನ್ನಡಿಗರು ಮರೆತಿರಲಾರರು. ಉತ್ತರಾಖಂಡದ ಆ ಚಾರಣದಲ್ಲಿ ಗೈಡ್‌ಗಳೂ ಸೇರಿ 22 ಜನರಿದ್ದ, ಹೆಚ್ಚಿನವರು ಕರ್ನಾಟಕದವರೇ ಆಗಿದ್ದ ತಂಡ ಮರಳುವ ದಾರಿಯಲ್ಲಿ ಹಿಮಗಾಳಿಗೆ ಸಿಕ್ಕಿತು. ಒಂಬತ್ತು ಮಂದಿ ತೀರಿಕೊಂಡರು. ಉಳಿದವರಲ್ಲಿ ಹೆಚ್ಚಿನವರನ್ನು ಹೆಲಿಕಾಪ್ಟರ್‌ಗಳು ಇಳಿಸಿದವು. ಸಚಿವ ಕೃಷ್ಣ ಬೈರೇಗೌಡ ಡೆಹ್ರಾಡೂನ್‌ಗೆ ಧಾವಿಸಿದರು. ಅದಕ್ಕೆ ಯಾರು ಹೊಣೆ ಎಂದು ದೂರದಲ್ಲಿ ಕುಳಿತು ತೀರ್ಪು ಕೊಡುವುದು ನನ್ನ ಕೆಲಸವಲ್ಲ. ಆದರೆ ಆ ವಾರ ನಮ್ಮ ವಾಟ್ಸ್ಆ್ಯಪ್ ಗುಂಪುಗಳಲ್ಲಿ ನಡೆದ ಮಾತು ನೆನಪಿದೆ. ವಯಸ್ಸು, ಫಿಟ್‌ನೆಸ್, ಜಾಕೆಟ್ ಯಾವುದು ಒಳ್ಳೆಯದು. ಹತ್ತು ದಿನ ಕಳೆದ ಮೇಲೆ ಅದೇ ಗುಂಪಿನಲ್ಲಿ ಸೆಪ್ಟೆಂಬರ್‌ನ ಬುಕಿಂಗ್ ಶುರುವಾಯಿತು. ‘ಅದೇ ಟ್ರೆಕ್ಕನ್ನ ಎಂಟು ದಿನದಲ್ಲಿ ಮಾಡಿಸೋರು ಇದಾರೆ, ಎರಡು ಸಾವಿರ ಕಮ್ಮಿ’ ಎಂದು ಒಬ್ಬರು ಲಿಂಕ್ ಹಾಕಿದರು. ಏಳು ಜನ ಹೆಬ್ಬೆರಳು ಎತ್ತಿದರು.

ಪಿನ್-ಭಾಬಾಕ್ಕೆ ನಾವು ಹೋದದ್ದು ಹನ್ನೊಂದು ದಿನದ ಯೋಜನೆಯಲ್ಲಿ. ಹಾಗೆಂದು ಹಟ ಹಿಡಿದವರು ಪುಣೆಯಲ್ಲಿರುವ ಧಾರವಾಡದ ಹಿರಿಯ ಗೆಳೆಯರು. ಒಂದು ದಿನ ಕಾಫ್ನೂನಲ್ಲೇ ಸುಮ್ಮನೆ ಅಡ್ಡಾಡಿಕೊಂಡು ಇರುವುದು, ಇನ್ನೊಂದು ದಿನ ಪಾಸ್‌ನ ಈಚೆ ಕೈಯಲ್ಲಿ ಇಟ್ಟುಕೊಳ್ಳುವುದು. ತಂಡದಲ್ಲಿ ಹನ್ನೆರಡು ಜನ, ಅದರಲ್ಲಿ ಐವರು ಕನ್ನಡದವರು. ಫುಸ್ಟಿರಂಗ್ ತಲುಪಿದ ಮಧ್ಯಾಹ್ನ ಮೋಡ ಕವಿದು ಸಂಜೆಗೆ ಹಿಮ ಬೀಳತೊಡಗಿತು. ರಾತ್ರಿ ಊಟದ ಟೆಂಟಿನಲ್ಲಿ ಗೈಡ್, ಕಾಫ್ನೂ ಕಡೆಯವರೇ, ನಾಳೆ ಹೊರಡುವುದಿಲ್ಲ ಎಂದರು. ಹೈದರಾಬಾದಿನಿಂದ ಬಂದಿದ್ದ ಗೆಳೆಯ ‘ಸೋಮವಾರ ರಿಲೀಸ್ ಇದೆ ಮಾರಾಯ, ಒಂದು ದಿನ ತಪ್ಪಿದರೆ ಎಲ್ಲ ಹೋಯ್ತು’ ಎಂದು ನನ್ನ ಕಡೆ ತಿರುಗಿದ. ಯಾರೋ ವೋಟ್ ಹಾಕೋಣ ಎಂದರು. ಗೈಡ್ ಆ ಮಾತಿಗೆ ಉತ್ತರವನ್ನೇ ಕೊಡದೆ ಇನ್ನೊಂದು ರೊಟ್ಟಿ ಬಡಿಸಿ ಹೊರಗೆ ಹೋಗಿ ಟೆಂಟಿನ ಹಗ್ಗ ಬಿಗಿಮಾಡಿದರು.

ಮರುದಿನ ಇಡೀ ದಿನ ಟೆಂಟಿನೊಳಗೆ. ಎರಡು ತಾಸಿಗೊಮ್ಮೆ ಮೇಲೆ ಕೂತ ಹಿಮವನ್ನು ಒಳಗಿನಿಂದ ತಟ್ಟಿ ಬೀಳಿಸುವುದು, ಇಸ್ಪೀಟು, ಖಿಚಡಿ, ಮತ್ತೆ ಇಸ್ಪೀಟು. ಬೆಳಗ್ಗೆ ಹೊರಡಲೇಬೇಕು ಎನ್ನುತ್ತಿದ್ದ ಹೈದರಾಬಾದಿನ ಗೆಳೆಯನಿಗೆ ಹನ್ನೊಂದರ ಹೊತ್ತಿಗೆ ತಲೆನೋವು ಏರಿ ಊಟ ಬೇಡವೆಂದ. ಮಲಗಿ, ನೀರು ಕುಡಿದು, ರಾತ್ರಿ ಎಂಟಕ್ಕೆ ಎದ್ದು ಎರಡು ತಟ್ಟೆ ಉಂಡ. ಮೂರನೆಯ ಬೆಳಗ್ಗೆ ಆಕಾಶ ಶುಭ್ರ. ಹತ್ತರೊಳಗೆ ಪಾಸ್ ಮೇಲಿದ್ದೆವು.

ಇದರಲ್ಲಿ ನನ್ನ ವಾದಕ್ಕೆ ತೊಡಕಾಗುವ ಸಂಗತಿಯೊಂದಿದೆ, ಅದನ್ನೂ ಹೇಳಬೇಕು. ನಮ್ಮ ಪಕ್ಕದಲ್ಲೇ ಟೆಂಟ್ ಹಾಕಿದ್ದ ಇನ್ನೊಂದು ತಂಡದ್ದು ಒಂಬತ್ತು ದಿನದ ಯೋಜನೆ. ಅವರು ಹಿಮ ಬೀಳುತ್ತಿರುವಾಗಲೇ ನಸುಕಿನಲ್ಲಿ ಹೊರಟರು. ದಾಟಿಯೂ ಬಿಟ್ಟರು. ಯಾರಿಗೂ ಏನೂ ಆಗಲಿಲ್ಲ. ಮುದ್‌ಗೆ ಇಳಿದಾಗ ಅಲ್ಲಿಯ ಚಹಾದಂಗಡಿಯವರು ‘ನಿನ್ನೆ ಬಂದವರು ನಡುಗುತ್ತಿದ್ದರು’ ಎಂದರು ಅಷ್ಟೆ. ಆ ತಂಡದವರ ಇನ್‌ಸ್ಟಾಗ್ರಾಮ್‌ನಲ್ಲಿ ಹಿಮದ ನಡುವಿನ ನಗುಮುಖಗಳು ಚೆನ್ನಾಗಿಯೇ ಬಂದಿರುತ್ತವೆ, ಅದನ್ನು ನೋಡಿ ಮುಂದಿನ ವರ್ಷದವರು ಒಂಬತ್ತು ದಿನ ಸಾಕು ಎಂದುಕೊಳ್ಳುತ್ತಾರೆ. ನಮ್ಮ ಉದ್ಯೋಗದಲ್ಲೂ ಹೀಗೇ. ಬ್ಯಾಕಪ್ ಇಲ್ಲದೆ ಹತ್ತು ಸಲ ಡಿಪ್ಲಾಯ್ ಮಾಡಿ ಗೆದ್ದವರನ್ನು ಚುರುಕಾದವರು ಎನ್ನುತ್ತೇವೆ. ಆಗದೇ ಹೋದ ಅನಾಹುತಕ್ಕೆ ಲಾಗ್ ಇರುವುದಿಲ್ಲ.

ಎಂ.ಟೆಕ್‌ನಲ್ಲಿ ಕ್ಯೂಯಿಂಗ್ ಥಿಯರಿ ಓದಿದವರಿಗೆ ಆ ಗೀಟು ನೆನಪಿರಬಹುದು. ಸರ್ವರ್ ಮೇಲಿನ ಹೊರೆ ಅದರ ಸಾಮರ್ಥ್ಯದ ಅರ್ಧವೋ ಮುಕ್ಕಾಲೋ ಇರುವ ತನಕ ಕಾಯುವ ಸಮಯ ಮೆಲ್ಲಗೆ ಏರುತ್ತದೆ. ನೂರಕ್ಕೆ ನೂರರ ಹತ್ತಿರ ಹೋದಂತೆ ಗೋಡೆಯ ಹಾಗೆ ನೆಟ್ಟಗೆ ನಿಲ್ಲುತ್ತದೆ. ಒಂಬತ್ತು ದಿನದ ಪಟ್ಟಿ ನೂರಕ್ಕೆ ನೂರು ತುಂಬಿದ ಸರ್ವರ್. ಒಂದು ಮಳೆ, ಒಬ್ಬರ ಉಳುಕಿದ ಕಾಲು, ಕಾಜಾದಿಂದ ಮನಾಲಿಗೆ ಬರುವ ರಸ್ತೆಯಲ್ಲಿ ಒಂದು ಗುಡ್ಡ ಕುಸಿತ, ಯಾವುದಾದರೂ ಒಂದು ಸಾಕು. ಆಗ ಮುಂದಿನ ನಿರ್ಧಾರವನ್ನೆಲ್ಲ ಬೆಟ್ಟದ ಬದಲು ಸೋಮವಾರ ತೆಗೆದುಕೊಳ್ಳುತ್ತದೆ.

ಆ ಸೋಮವಾರದ ಭಾರ ಕೊನೆಗೆ ಬೀಳುವುದು ಗೈಡ್ ಮೇಲೆ. ಅವರದು ದಿನದ ಲೆಕ್ಕದ ಸಂಬಳ, ವರ್ಷದಲ್ಲಿ ನಾಲ್ಕೈದು ತಿಂಗಳ ದುಡಿಮೆ. ಬುಕಿಂಗ್ ಪಡೆಯುವವರು ದೆಹಲಿಯಲ್ಲೋ ಬೆಂಗಳೂರಿನಲ್ಲೋ ಇರುತ್ತಾರೆ. ಒಂದು ತಂಡ ಇಳಿದ ಕೂಡಲೇ ಅದೇ ಗೈಡ್, ಅದೇ ಅಡುಗೆಯವರು, ಅದೇ ಹೇಸರಗತ್ತೆಗಳು ಮುಂದಿನ ಶನಿವಾರದ ತಂಡಕ್ಕೆ ಹೊರಡಬೇಕು. ನಾವು ಒಂದು ದಿನ ನಿಂತರೆ ಆ ಸರಪಳಿಯೆಲ್ಲ ಅಲುಗುತ್ತದೆ. ಇದರ ಮೇಲೆ ನಮ್ಮ ರೇಟಿಂಗ್ ಬೇರೆ. ‘ಗೈಡ್ ಅಂಜುಬುರುಕ, ಪಾಸ್ ಮುಟ್ಟಿಸಲಿಲ್ಲ’ ಎಂದು ಒಂದು ನಕ್ಷತ್ರ ಕೊಟ್ಟ ಸಾಲನ್ನು ನಾನೇ ಓದಿದ್ದೇನೆ, ಬರೆದವರು ಒಳ್ಳೆಯ ಕನ್ನಡ ಹೆಸರಿನವರು. ವಾಪಸ್ ಕರೆತಂದದ್ದಕ್ಕೆ ಐದು ನಕ್ಷತ್ರ ಕೊಟ್ಟವರು ಅಪರೂಪ. ಆ ಮನುಷ್ಯ ಮುಂದಿನ ಸಲ ಮೋಡ ಕಂಡಾಗ ಏನು ಮಾಡಬೇಕು ಹೇಳಿ.

ಹೆಚ್ಚುವರಿ ದಿನಕ್ಕೆ ದುಡ್ಡಾಗುತ್ತದೆ, ನಿಜ. ನಮಗೆ ಮೇಲಿನ ಆ ಒಂದು ದಿನಕ್ಕೆ ತಲಾ 1,800 ರೂಪಾಯಿ ಬಿತ್ತು. ಬಳಸಲಿ ಬಿಡಲಿ, ಸಿಬ್ಬಂದಿಗೆ ಅಷ್ಟೂ ಸಂಬಳ ಸಂದಾಯವಾಗಬೇಕು ಎಂದು ಮೊದಲೇ ಮಾತಾಗಿತ್ತು. ಬಳಸದೆ ಉಳಿದರೆ ವಾಪಸ್ ಕೊಡಿ ಎಂದು ಕೇಳಿದರೆ ಅದು ಮೀಸಲು ದಿನವಾಗುವುದಿಲ್ಲ, ಬೇಗ ಮುಗಿಸಲು ಕೊಟ್ಟ ಆಮಿಷವಾಗುತ್ತದೆ. ಇನ್ನೊಂದು ಆಕ್ಷೇಪ ಹುಲ್ಲುಗಾವಲಿನದು. ಒಂದು ದಿನ ಹೆಚ್ಚು ನಿಂತರೆ ಅಷ್ಟು ಕಸ, ಅಷ್ಟು ತುಳಿತ. ಉತ್ತರಾಖಂಡ ಹೈಕೋರ್ಟ್ 2018ರ ಆಗಸ್ಟ್‌ನಲ್ಲಿ ಬುಗ್ಯಾಲ್‌ಗಳಲ್ಲಿ ರಾತ್ರಿ ತಂಗುವುದನ್ನೇ ನಿಷೇಧಿಸಿದ್ದು ಸುಮ್ಮನೆ ಅಲ್ಲ. ಒಪ್ಪುತ್ತೇನೆ. ಆದಷ್ಟು ದಿನ ಕೆಳಗಿನ ಹಳ್ಳಿಯಲ್ಲಿ ಕಳೆಯಲಿ, ಮೇಲೆ ಒಂದೇ ದಿನ ಕೈಯಲ್ಲಿರಲಿ, ತಂಡ ಚಿಕ್ಕದಾಗಿರಲಿ.

ರಜೆಯ ಆಕ್ಷೇಪ ಮಾತ್ರ ನನಗೂ ಗಟ್ಟಿಯಾಗಿ ತಾಗುತ್ತದೆ. ಒಂಬತ್ತನ್ನು ಹನ್ನೊಂದು ಮಾಡುವ ಎರಡು ದಿನ ಆಕಾಶದಿಂದ ಬೀಳುವುದಿಲ್ಲ. ಹಾವೇರಿಯ ಮನೆಯಲ್ಲಿ ಕಳೆಯಬೇಕಾದ ದಿನಗಳೇ ಅವು. ‘ಗುಡ್ಡದಾಗ ಏನೈತಿ, ಎರಡು ದಿನ ಊರಿಗರ ಬಾ’ ಎಂದು ಅವ್ವ ಫೋನಿನಲ್ಲಿ ಅಂದಾಗ ನನ್ನ ಬಳಿ ಸೂತ್ರವೂ ಇಲ್ಲ, ಗೀಟೂ ಇಲ್ಲ. ಅದಕ್ಕೆ ನಾನು ಕಂಡುಕೊಂಡ ದಾರಿ, ವರ್ಷಕ್ಕೊಂದು ಟ್ರೆಕ್ ಬಿಟ್ಟು ಎರಡು ವರ್ಷಕ್ಕೊಂದು ಮಾಡುವುದು. ಬರುವ ವರ್ಷ ನಮ್ಮ ಗುಂಪು ಸ್ಪಿತಿಗೇ ಇನ್ನೊಂದು ದಾರಿಯಲ್ಲಿ ಹೋಗುತ್ತಿದೆ, ಎಂಟು ದಿನದ ಲಿಂಕ್ ಆಗಲೇ ಬಂದಿದೆ. ನಾನು ಹೋಗುತ್ತಿಲ್ಲ. ಕೈಯಲ್ಲಿ ಉಳಿದ ಐದು ದಿನಕ್ಕೆ ಹುಬ್ಬಳ್ಳಿಯ ರೈಲು ಟಿಕೆಟ್ ಮಾಡಿಸಿದ್ದೇನೆ.