ಅರ್ಧ ದಂಡದ ಲೆಕ್ಕ

2025ರ ಆಗಸ್ಟ್‌ನಲ್ಲಿ ಸಂಚಾರ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಘೋಷಣೆಯಾದಾಗ ನಾನೂ ಕಟ್ಟಿದೆ. ಬೈಕಿನ ಮೇಲೆ ಆರು ಕೇಸು, ಒಟ್ಟು ₹3,000. ₹1,500ಕ್ಕೆ ಎಲ್ಲ ಚುಕ್ತಾ. ಗೆದ್ದಷ್ಟೇ ಖುಷಿ! ಆಮೇಲೆ ಕ್ಯಾಮೆರಾ ಫೋಟೊಗಳನ್ನು ನೋಡಿದೆ. ಆರರಲ್ಲೂ ನನ್ನ ತಲೆ ಮೇಲೆ ಹೆಲ್ಮೆಟ್ ಇದೆ. ಹಿಂದೆ ಕೂತ ಅಮ್ಮನ ತಲೆ ಮೇಲೆ ಇಲ್ಲ.

ಹಿಂಬದಿ ಸವಾರರಿಗೂ ಹೆಲ್ಮೆಟ್ ಬೇಕೆಂಬ ನಿಯಮ ನಮ್ಮ ರಾಜ್ಯದಲ್ಲಿ ಜಾರಿಗೆ ಬಂದದ್ದು 2016ರ ಜನವರಿಯಲ್ಲಿ. ನಮ್ಮ ಮನೆಗೆ ಮಾತ್ರ ಇನ್ನೂ ಬಂದಿರಲಿಲ್ಲ. 'ಇಲ್ಲೇ ಮಾರ್ಕೆಟ್‌ಗೆ ತಾನೆ, ಮುಡಿದ ಹೂವು ಹಾಳಾಗುತ್ತೆ ಕಣೋ' ಎನ್ನುತ್ತಿದ್ದಳು ಅಮ್ಮ. ನಾನೂ ಸುಮ್ಮನಾಗುತ್ತಿದ್ದೆ. ಯೋಚಿಸಿದರೆ, ಹೆಚ್ಚು ಅಪಾಯ ಹಿಂದೆ ಕೂತವರಿಗೇ. ಹಂಪ್, ಗುಂಡಿ ಬರುವುದು ನನಗೆ ಕಾಣುತ್ತದೆ, ಹಿಡಿಯಲು ಹ್ಯಾಂಡಲ್ ಇದೆ. ಸೀರೆಯುಟ್ಟು ಒಂದೇ ಕಡೆ ಕಾಲು ಹಾಕಿ, ಮಡಿಲಲ್ಲಿ ತರಕಾರಿ ಚೀಲ ಇಟ್ಟುಕೊಂಡವಳಿಗೆ ಎರಡೂ ಇಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ, 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು ದೇಶದಲ್ಲಿ 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು.

ಇನ್ನು ದಂಡದ ಕಥೆ. 2019ರ ಕೇಂದ್ರ ತಿದ್ದುಪಡಿ ಕಾಯ್ದೆ ಹೆಲ್ಮೆಟ್ ಇಲ್ಲದಿದ್ದರೆ ₹1,000 ಎಂದಿತು. ಜನ ಗೊಣಗಿದರೆಂದು ರಾಜ್ಯ ₹500ಕ್ಕೆ ಇಳಿಸಿತು. ರಿಯಾಯಿತಿಯಲ್ಲಿ ₹250 ಆಯಿತು. ಬಾಕಿ ವಸೂಲಾಗಬೇಕು ಎಂಬ ಸರ್ಕಾರದ ಕಷ್ಟ ಅರ್ಥವಾಗುತ್ತದೆ. ಆದರೆ 2023ರಲ್ಲಿ ಒಮ್ಮೆ ಕೊಟ್ಟು, ಅದೇ ವರ್ಷ ಮತ್ತೆ ಕೊಟ್ಟು, 2025ರಲ್ಲಿ ಮತ್ತೂ ಕೊಟ್ಟರೆ ಜನ ಕಲಿಯುವುದೇನು? ನನ್ನ ಗೆಳೆಯರಲ್ಲಿ ಯಾರೂ ಈಗ ನೋಟಿಸ್ ಬಂದ ಕೂಡಲೇ ಕಟ್ಟುವುದಿಲ್ಲ. ಹಬ್ಬದ ಸೇಲ್‌ಗೆ ಕಾಯುವಂತೆ ಕಾಯುತ್ತಾರೆ. ಒಂದೇ ತಪ್ಪನ್ನು ಮತ್ತೆ ಮತ್ತೆ ಮಾಡಿದ ಗಾಡಿಗೆ ರಿಯಾಯಿತಿ ಕೊಡಲೇಬಾರದು ಎಂಬುದು ನನ್ನ ಅಭಿಪ್ರಾಯ. ಹಾಗಾಗಿದ್ದರೆ ನನಗೂ ಸಿಗುತ್ತಿರಲಿಲ್ಲ, ಅದು ಬೇರೆ ಮಾತು.

ಇನ್ನೊಂದು ವಿಷಯ. ಪೊಲೀಸರು ಕಂಡಾಗ ತಲೆಗೇರುವ ಟೋಪಿಯಂಥ ಅರ್ಧ ಹೆಲ್ಮೆಟ್ ಫೋಟೊದಲ್ಲಿ ಪಾಸಾಗಬಹುದು. ಬಿದ್ದಾಗ ಅದು ಕೆನ್ನೆ, ಗದ್ದ ಕಾಯುವುದಿಲ್ಲ. ಪಟ್ಟಿ ಬಿಗಿಯದಿದ್ದರೆ ಎಷ್ಟು ದುಬಾರಿ ಹೆಲ್ಮೆಟ್ ಆದರೂ ತಲೆಗಿಂತ ಮೊದಲೇ ರಸ್ತೆಗೆ ಬೀಳುತ್ತದೆ.

ಉಳಿದ ₹1,500ಕ್ಕೆ ಐಎಸ್‌ಐ ಗುರುತಿನ ಪೂರ್ತಿ ಮುಖ ಮುಚ್ಚುವ ಹೆಲ್ಮೆಟ್ ತಂದೆ. ಅಮ್ಮ ಕನ್ನಡಿ ಮುಂದೆ ನಿಂತು, 'ಹೂವು ಎಲ್ಲಿ ಮುಡೀಲೋ?' ಎಂದಳು. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗ ಹೂವು ಕವರಿನಲ್ಲಿ ಬರುತ್ತದೆ, ದೇವಸ್ಥಾನದ ಬಾಗಿಲಲ್ಲಿ ಇಳಿದ ಮೇಲೆ ಮುಡಿಯುತ್ತಾಳೆ.