ಬಚ್ಚಿಡುವುದು ಸಿಗಲೆಂದೇ ಅಲ್ಲವೇ?

ಆಟವೆಂದ ಮೇಲೆ ಸೋಲು ಗೆಲುವು ಎರಡೂ ಇರಲೇಬೇಕು. ಆದರೆ ಗೆಲ್ಲುವ ದಾರಿಯೇ ಇಲ್ಲದ ಆಟವನ್ನು ಯಾರು ತಾನೆ ಆಡುತ್ತಾರೆ? ಭಾನುವಾರಗಳಂದು ಮಕ್ಕಳನ್ನು ಕಟ್ಟಿಕೊಂಡು ಸಿಂಗಪುರದಲ್ಲಿ ಜಿಯೋಕ್ಯಾಶ್ ಹುಡುಕಲು ಹೊರಡುವ ನಮ್ಮಂಥ ಕುಟುಂಬಗಳನ್ನು ಕಾಡುತ್ತಿರುವ ಪ್ರಶ್ನೆ ಇದು.

ಈ ಆಟ ಗೊತ್ತಿಲ್ಲದವರಿಗಾಗಿ ಎರಡು ಮಾತು. ಒಬ್ಬರು ಒಂದು ಡಬ್ಬಿಯನ್ನು ಎಲ್ಲೋ ಬಚ್ಚಿಟ್ಟು, ಆ ಜಾಗದ ಅಕ್ಷಾಂಶ, ರೇಖಾಂಶಗಳನ್ನು ಅಂತರ್ಜಾಲದಲ್ಲಿ ತಿಳಿಸುತ್ತಾರೆ. ಉಳಿದವರು ಜಿಪಿಎಸ್ ಹಿಡಿದು ಹುಡುಕಿ, ಒಳಗಿನ ಚೀಟಿಯಲ್ಲಿ ಹೆಸರು ಬರೆದು, ಡಬ್ಬಿಯನ್ನು ಇದ್ದಲ್ಲೇ ಇಟ್ಟು ಬರುತ್ತಾರೆ. ಜನಸಾಮಾನ್ಯರ ಜಿಪಿಎಸ್ ಸಂಕೇತದಲ್ಲಿ ಬೇಕೆಂದೇ ಬೆರೆಸುತ್ತಿದ್ದ ತಪ್ಪನ್ನು ಅಮೆರಿಕ ಸರ್ಕಾರ 2000ನೇ ಇಸವಿಯ ಮೇ ತಿಂಗಳ ಆರಂಭದಲ್ಲಿ ನಿಲ್ಲಿಸಿತು. ಮೇ 3ರಂದೇ ಡೇವ್ ಉಲ್ಮರ್ ಎಂಬುವರು ಒರೆಗಾನ್ ರಾಜ್ಯದಲ್ಲಿ ಮೊದಲ ‘ನಿಧಿ’ಯನ್ನು ಇಟ್ಟರು. ಅದು ಪುಟ್ಟ ಡಬ್ಬಿಯಲ್ಲ, ಒಂದು ಬಕೆಟ್! ಮೂರೇ ದಿನಗಳಲ್ಲಿ ಇಬ್ಬರು ಅದನ್ನು ಕಂಡುಹಿಡಿದರು. ಆಟ ಹುಟ್ಟಿದ್ದೇ ಹೀಗೆ, ಸಿಗಲೆಂದು ಇಟ್ಟ ವಸ್ತುವಿನಿಂದ.

ಸಿಂಗಪುರದ ಕಥೆ ಬೇರೆ. ಇಲ್ಲಿ ಜಾಗ ಕಡಿಮೆ, ಜನ ಹೆಚ್ಚು. ದೊಡ್ಡ ಡಬ್ಬಿ ಇಟ್ಟರೆ ದಾರಿಹೋಕರಿಗೆ ಅನುಮಾನ ಬಂದು ಪೊಲೀಸರಿಗೆ ಕರೆ ಹೋಗಬಹುದು. ಆದ್ದರಿಂದ ಕಿರುಬೆರಳ ತುದಿಯಷ್ಟಿರುವ, ಅಯಸ್ಕಾಂತದ ‘ನ್ಯಾನೋ’ ಡಬ್ಬಿಯನ್ನು ಕಂಬಕ್ಕೋ ಬೆಂಚಿನ ಅಡಿಗೋ ಅಂಟಿಸುತ್ತಾರೆ. ಈಗ ಸ್ವಲ್ಪ ಗಣಿತ ಮಾಡೋಣ. ತೆರೆದ ಬಯಲಿನಲ್ಲೂ ಮೊಬೈಲ್ ಜಿಪಿಎಸ್ ಸುಮಾರು 5 ಮೀಟರ್ ಆಚೀಚೆ ತೋರಿಸುತ್ತದೆ. 5 ಮೀಟರ್ ತ್ರಿಜ್ಯದ ವೃತ್ತವೆಂದರೆ ಸುಮಾರು 78 ಚದರ ಮೀಟರ್. ಬಚ್ಚಿಟ್ಟವರ ಮೊಬೈಲಿನಲ್ಲೂ ಅಷ್ಟೇ ತಪ್ಪಿದ್ದರೆ ತ್ರಿಜ್ಯ 10 ಮೀಟರ್ ಆಗಿ, ಹುಡುಕಬೇಕಾದ ಜಾಗ 314 ಚದರ ಮೀಟರಿಗೆ ಏರುತ್ತದೆ! ಎತ್ತರದ ಎಚ್‌ಡಿಬಿ ಕಟ್ಟಡಗಳ ಗೋಡೆಗೆ ಸಂಕೇತಗಳು ಬಡಿದು ಬರುವಲ್ಲಿ, ಮ್ಯಾಕ್‌ರಿಚಿಯ ದಟ್ಟ ಮರಗಳ ಅಡಿಯಲ್ಲಿ ಈ ತಪ್ಪು ಇನ್ನೂ ಹೆಚ್ಚು. ಇಷ್ಟಾದರೂ ಸುಳಿವು ಕೊಡದೆ ಸುಮ್ಮನಿರುವವರೇ ಅನೇಕರು.

ಗಂಟೆಗಟ್ಟಲೆ ಬೆವರು ಸುರಿಸಿ ಬರಿಗೈಯಲ್ಲಿ ಮರಳಿದರೂ ದೊಡ್ಡವರಾದ ನಾವು ಹೇಗೋ ಸಮಾಧಾನ ಮಾಡಿಕೊಳ್ಳುತ್ತೇವೆ. ಏಳೆಂಟು ವರ್ಷದ ಮಕ್ಕಳು? ಮೂರು ವಾರ ಹೀಗಾದರೆ ನಾಲ್ಕನೇ ವಾರ “ಅಪ್ಪ, ನೀವೇ ಹೋಗಿ ಬನ್ನಿ” ಎನ್ನುತ್ತಾರೆ. ಪರದೆಯ ಮುಂದಿನಿಂದ ಅವರನ್ನು ಎಬ್ಬಿಸಿ, ಫೋರ್ಟ್ ಕ್ಯಾನಿಂಗ್ ಗುಡ್ಡಕ್ಕೋ, 2011ರಲ್ಲಿ ರೈಲು ನಿಂತ ಮೇಲೆ ನಡಿಗೆಯ ಹಾದಿಯಾದ ರೈಲ್ ಕಾರಿಡಾರ್‌ಗೋ ಕರೆದೊಯ್ದ ಆಟವೇ ಅವರನ್ನು ಮತ್ತೆ ಸೋಫಾಕ್ಕೆ ಕಳಿಸಿದಂತಾಯಿತು! ಇನ್ನೊಂದು ನಷ್ಟ ಗಿಡಗಳಿಗೆ. ಎಷ್ಟು ಹುಡುಕಿದರೂ ಸಿಗದಿದ್ದಾಗ ಕೆಲವರು ಪೊದೆ ಕೀಳುತ್ತಾರೆ, ಕಲ್ಲು ಉರುಳಿಸುತ್ತಾರೆ. ಅನುಮತಿಯಿಲ್ಲದೆ ಡಬ್ಬಿಯನ್ನು ಹೂಳಬಾರದು, ಪರಿಸರಕ್ಕೆ ಹಾನಿ ಮಾಡಬಾರದು ಎಂಬುದು ಆಟದ ನಿಯಮವಾಗಿದ್ದರೂ ಹೀಗಾಗುತ್ತದೆ.

ಕೆಲವೊಮ್ಮೆ ಅಲ್ಲಿ ಡಬ್ಬಿಯೇ ಇರುವುದಿಲ್ಲ. ಸಿಂಗಪುರ ಬಂದು ಹೋಗುವವರ ಊರು. ಇಟ್ಟವರು ಕೆಲಸ ಮುಗಿಸಿ ದೇಶ ಬಿಟ್ಟಿರುತ್ತಾರೆ. ವರ್ಷಕ್ಕೆ ಸುಮಾರು 2,100 ಮಿ.ಮೀ. ಮಳೆ ಸುರಿಯುವ ಇಲ್ಲಿ ಡಬ್ಬಿ ಎಂದೋ ಕೊಚ್ಚಿಹೋಗಿರುತ್ತದೆ, ಹೆಸರು ಮಾತ್ರ ಪಟ್ಟಿಯಲ್ಲಿ ಉಳಿದಿರುತ್ತದೆ. ಕಂಕುಳಲ್ಲಿ ಮಗು ಇಟ್ಟುಕೊಂಡು ಊರೆಲ್ಲ ಹುಡುಕಿದರಂತೆ ಎಂಬ ಗಾದೆಯಿದೆ. ನಮ್ಮ ಪಾಡು ಅದಕ್ಕಿಂತ ಕಷ್ಟ, ಇಲ್ಲಿ ಕಂಕುಳಲ್ಲೂ ಮಗುವಿಲ್ಲ!

“ಕಷ್ಟವಿದ್ದರೇ ಮಜಾ” ಎನ್ನುವವರಿದ್ದಾರೆ. ನಾವೂ ಒಪ್ಪುತ್ತೇವೆ. ಪ್ರತಿ ಡಬ್ಬಿಗೂ 1ರಿಂದ 5ರವರೆಗೆ ಕಷ್ಟದ ಅಂಕ ಕೊಡುವ ಪದ್ಧತಿ ಇರುವುದೇ ಅದಕ್ಕಾಗಿ. 5 ಎಂದು ಬರೆದು ಎಷ್ಟು ಕಷ್ಟಪಡಿಸಿದರೂ ನಮ್ಮ ತಕರಾರಿಲ್ಲ. 2 ಎಂದು ಬರೆದು 5ರಂತೆ ಬಚ್ಚಿಡುವುದೇ ನಮ್ಮ ತಕರಾರು.

ನಮ್ಮೂರಿನ ಕಡ್ಡಿ ಆಟ ನೆನಪಿದೆಯೇ? ಮರಳಿನ ಉದ್ದನೆಯ ಏರಿಯೊಳಗೆ ಒಬ್ಬ ಕಡ್ಡಿ ಬಚ್ಚಿಡುತ್ತಾನೆ, ಇನ್ನೊಬ್ಬ ಕೈಗಳನ್ನು ಹೆಣೆದು ಒಂದು ಕಡೆ ಮುಚ್ಚುತ್ತಾನೆ. ಕಡ್ಡಿ ಆ ಏರಿಯೊಳಗೇ ಇರಬೇಕೆಂಬ ಕಟ್ಟುಪಾಡಿನಿಂದಲೇ ಅದು ಆಟವಾಯಿತು. ಒಗಟೂ ಹಾಗೆಯೇ. ಉತ್ತರ ತಿಳಿದಾಗ “ಅಯ್ಯೋ, ಇಷ್ಟೇನಾ! ನನಗೇಕೆ ಹೊಳೆಯಲಿಲ್ಲ?” ಎನಿಸಿದರೆ ಅದು ಒಳ್ಳೆಯ ಒಗಟು. ಒಳ್ಳೆಯ ಅಡಗುತಾಣವೂ ಹಾಗೇ ಅನಿಸಬೇಕು.

ಆದ್ದರಿಂದ ಡಬ್ಬಿ ಇಡುವವರಲ್ಲಿ ನಮ್ಮ ವಿನಂತಿ ಇಷ್ಟು: ಕಷ್ಟದ ಅಂಕವನ್ನು ಪ್ರಾಮಾಣಿಕವಾಗಿ ಬರೆಯಿರಿ, ಒಂದು ಸುಳಿವು ಕೊಡಿ, ಆಗಾಗ ಹೋಗಿ ನೋಡಿ, ಊರು ಬಿಡುವಾಗ ಡಬ್ಬಿಯನ್ನು ತೆಗೆಯಿರಿ ಅಥವಾ ಬೇರೆಯವರಿಗೆ ಒಪ್ಪಿಸಿ. ಮಕ್ಕಳೇ, ಮುಂದೆ ನೀವೂ ಡಬ್ಬಿ ಇಡುವಿರಿ. ಆಗ ನಿಮಗಿಂತ ಚಿಕ್ಕ ತಂಗಿಯೋ ತಮ್ಮನೋ ಅದನ್ನು ಹುಡುಕುತ್ತಿರುವಂತೆ ಊಹಿಸಿಕೊಂಡು, ಆಮೇಲೆ ಜಾಗ ಆರಿಸಿ.